ನಕ್ಷೆಯಾಚೆ

ಮಿಸಿಸಿಪ್ಪಿ ದಡದ ಊರು, ಲೈಬ್ರರಿಯ ನೆಲಮಾಳಿಗೆ, ಸಂಜೆ ಆರು.
ಮೂವತ್ತು ಕುರ್ಚಿ ಹಾಕಿದ್ದೆವು; ಬಂದವರು ನಾಲ್ವರು,
ಅದರಲ್ಲೊಬ್ಬ ಬಿಸ್ಕತ್ತಿಗೆ.

ಇಪ್ಪತ್ತು ವರ್ಷ ಮುಂದಿನ ರಸ್ತೆಗಳು ಗೋಡೆಯ ಮೇಲೆ.
ಬಸ್ಸು ಬೇಕಾದಲ್ಲಿ ಹಸಿರು ಚುಕ್ಕೆ ಅಂಟಿಸಿ, ಎಂದೆ.

ವಿಲ್ಮಾ ಕೀಫರ್, ಆಸ್ಪತ್ರೆಯ ಬಟ್ಟೆ ಒಗೆಯುವಾಕೆ,
ಕನ್ನಡಕ ಏರಿಸಿ ಹುಡುಕಿದಳು. ಬೆರಳು ಹೆದ್ದಾರಿ ಹಿಡಿದು
ಕಾಗದದ ಅಂಚು ದಾಟಿತು.
ಬರೀ ಗೋಡೆಗೆ ಅಂಟಿಸಿದಳು:
"ಇಲ್ಲಿ ನನ್ನ ಮನೆ."

ಯಾರೋ ನಕ್ಕರು. ನಾನೂ.

ಎಂಟೂವರೆಗೆ ಸಭೆ ಮುಗಿಯಿತು.
ಕೊನೆಯ ಬಸ್ಸು ಏಳಕ್ಕೇ ಹೋಗಿತ್ತು;
ವೇಳಾಪಟ್ಟಿ ಬರೆದವನು ನಾನೇ.

ನನ್ನ ಕಾರಿನಲ್ಲಿ ಇಬ್ಬರೂ ಸುಮ್ಮನೆ.
ದೀಪದ ಕಂಬಗಳು ಮುಗಿದ ಮೇಲೂ
"ಇನ್ನೂ ಮುಂದೆ" ಎನ್ನುತ್ತಲೇ ಇದ್ದಳು.

ನಡಾವಳಿಯಲ್ಲಿ ಏನು ಬರೆಯಲಿ?
ಆ ಚುಕ್ಕೆ ಕೀಳಹೋದರೆ
ಗೋಡೆಯ ಬಣ್ಣವೂ ಎದ್ದು ಬರುತ್ತಿದೆ.