ಹಿಟ್ಟಿನ ಅಳತೆ

ಒಂಟಿಯಂಗಡಿಯಲ್ಲಿ ಈಗ ಹದಿನಾಲ್ಕು ಅಂಗಡಿ.
ಹದಿಮೂರಕ್ಕೆ ಬೋರ್ಡಿದೆ.
ಮೊಯ್ದುಕಾಕನ ಶೆಡ್ಡಿಗೆ ಗೋಣಿಪರದೆ.
ಅದರಾಚೆ, ಹಳೇ ಪೇಪರಿನ ಮೇಲೆ, ಒಂದು ಬೊಗಸೆ ಅಲ್ಯೂಮಿನಿಯಂ:
ಚೋಂದಮ್ಮನ ಬೈಕಿನ ಹೆಡ್ಡು.

ನೂರು ಸಿಸಿ. ಅವಳಪ್ಪ ಹಾಲಿನ ಕ್ಯಾನು ಕಟ್ಟಿ
ಹನ್ನೊಂದು ವರ್ಷ ಸೊಸೈಟಿಗೆ ಓಡಿಸಿದ್ದು.
ಬಾಳೆಲೆಯ ಕೊಯ್ದ ಗದ್ದೆಯಲ್ಲಿ ಮುಂದಿನ ತಿಂಗಳು ರೇಸು.
"ಕಾಕಾ, ಇದಕ್ಕೆ ಇನ್ನೂ ಸ್ವಲ್ಪ ಜೀವ ಬರ್ತದಾ?"
ಕಾಕ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಪೋರ್ಟಿನೊಳಗೆ ಕಿರುಬೆರಳು ಆಡಿಸಿದ,
ಕೊಳ್ಳುವ ಹಸುವಿನ ಹಲ್ಲು ತಡವುವವನ ಹಾಗೆ ಕಣ್ಣು ಮುಚ್ಚಿ:
"ಜೀವ ಉಂಟು. ಉಸಿರು ಸಾಲದು."

ವಾಲ್ವು, ಸತ್ತ ನೂರೈವತ್ತರಿಂದ ಕಿತ್ತದ್ದು.
ವಿರಾಜಪೇಟೆಯ ಲೇತಿನಲ್ಲಿ ಅದರ ಕಡ್ಡಿ ಸಪೂರವಾಯಿತು,
ಹೆಡ್ಡಿನ ಸೀಟು ಅಗಲವಾಯಿತು.
ಸ್ಪ್ರಿಂಗಿನಡಿಗೆ ಒಂದು ತೆಳು ವಾಷರು;
ಇಲ್ಲದಿದ್ದರೆ ಹತ್ತು ಸಾವಿರ ಸುತ್ತಿನ ಮೇಲೆ
ಕರೆದರೂ ಮನೆಗೆ ಬಾರದ ಹುಡುಗನಂತೆ
ವಾಲ್ವು ಹೊರಗೇ ತೇಲುತ್ತದೆ.

ನನ್ನ ಕೆಲಸ ತಿರುಗಿಸುವುದು.
ಕೋಲಿನ ತುದಿಯ ರಬ್ಬರು ವಾಲ್ವಿನ ಮುಖ ಕಚ್ಚುತ್ತದೆ,
ಅಂಚಿಗೆ ಗ್ರೈಂಡಿಂಗ್ ಪೇಸ್ಟು,
ಎರಡು ಅಂಗೈ ನಡುವೆ, ಮಜ್ಜಿಗೆ ಕಡೆದ ಹಾಗೆ,
ಅತ್ತ, ಇತ್ತ, ಎತ್ತು, ಕಾಲು ಸುತ್ತು ಸರಿಸು, ಮತ್ತೆ ಅತ್ತ.
ಮೊದಲು ಕರಕರ. ಆಮೇಲೆ ಸರಸರ.
ಆಮೇಲೆ ಸದ್ದೇ ಇಲ್ಲದ ಒಂದು ಜಾರು.
ಅಲ್ಲಿ ನಿಲ್ಲಬೇಕು. ನಾನು ಎರಡು ಸಲ ನಿಲ್ಲಲಿಲ್ಲ.
ಸೀಮೆಎಣ್ಣೆ ಸುರಿದು, ಕಾಕ ರಸ್ತೆಯಾಚೆ ಹೋಗಿ
ಬೀಡಿ ಮುಗಿಸಿ ಬರುವವರೆಗೆ
ಒಂದು ಹನಿಯೂ ಕೆಳಗೆ ಇಣುಕಬಾರದು.

ಹೊಗೆ ಹೋಗುವ ದಾರಿಯನ್ನು ಉಜ್ಜಿ ಉಜ್ಜಿ
ಮೂಗು ಕಾಣುವ ಹಾಗೆ ಮಾಡಿದೆ.
ಗಾಳಿ ಬರುವ ದಾರಿಗೂ ಕೈ ಹಾಕಿದಾಗ ತಡೆದ:
"ಅದು ಒರಟೇ ಇರಲಿ ಬೊಳಕಾ.
ನುಣ್ಣಗಿದ್ದರೆ ಪೆಟ್ರೋಲು ಗೋಡೆಗೊರಗಿ ಮಲಗ್ತದೆ.
ಒಳಗೆ ಬರುವವರು ಸ್ವಲ್ಪ ಎಡವಬೇಕು."
ಲೈನುಮನೆಯಿಂದ ಬಂದವನು ನಾನು. ಎಡವಿಯೇ ಬಂದಿದ್ದೆ.
ಹೇಳಲಿಲ್ಲ.

ಇನ್ನು ಅಳತೆ. ಪಿಸ್ಟನ್ನಿನ ನೆತ್ತಿಗೂ ಹೊಸ ವಾಲ್ವಿಗೂ ನಡುವೆ
ಎಷ್ಟು ಜಾಗ? ಮುಚ್ಚಿದ ಮೇಲೆ ಕಾಣುವುದಿಲ್ಲ.
ಮೆತ್ತಲು ಜೇಡಿ ಇರಲಿಲ್ಲ. ಚೋಂದಮ್ಮನ ಡಬ್ಬಿಯಲ್ಲಿ ಕಡಂಬುಟ್ಟು ಇತ್ತು,
ಕಾಕನಿಗಾಗಿ ಕೋಳಿಸಾರಿನ ಜೊತೆ.
ಅರ್ಧ ಉಂಡೆ ನಾದಿ, ಎಣ್ಣೆ ಸವರಿ, ನೆತ್ತಿಗೆ ಒತ್ತಿ,
ಹೆಡ್ಡು ಬಿಗಿದು, ಕ್ರ್ಯಾಂಕು ಕೈಯಲ್ಲೇ ಎರಡು ಸುತ್ತು.
ಬಿಚ್ಚಿದರೆ ಅಕ್ಕಿಯ ಮೈಮೇಲೆ ಎರಡು ಬಿದಿಗೆ ಚಂದ್ರ.
ಬ್ಲೇಡಿನಲ್ಲಿ ಸೀಳಿ ವರ್ನಿಯರ್ ಇಟ್ಟ.
"ಒಂದೂಕಾಲು. ಒಂದೂವರೆ ಬೇಕು."
"ಕಾಲು ಮಿಲಿಗೆ ಇಷ್ಟು ರಗಳೆಯಾ?" ಎಂದಳು.
ಕಾಕ ಮೂಲೆಯ ಡಬ್ಬಿ ತಡಕಿ
ಬಾಗಿದ ವಾಲ್ವೊಂದನ್ನು ಅವಳ ಅಂಗೈಗಿಟ್ಟ.
ಅವಳು ಅದನ್ನು ತುಂಬ ಹೊತ್ತು ಹಿಡಿದುಕೊಂಡೇ ಊಟ ಮಾಡಿದಳು.
ನಾವು ಪಿಸ್ಟನ್ನು ಕೊರೆದೆವು.

ಒಂಬತ್ತನೇ ಕಿಕ್ಕಿಗೆ ಎದ್ದಿತು.
ಎದುರಿನ ಕಣದಲ್ಲಿ ಕಾಫಿ ಹರವುತ್ತಿದ್ದವರು
ಗೋರುಮಣೆ ನಿಲ್ಲಿಸಿ ನೋಡಿದರು.
ಕೈ ಸಡಿಲಿಸಿದೊಡನೆ ಸತ್ತಿತು.
"ಓಡಲಿಕ್ಕೆ ಮಾಡಿದ್ದು," ಎಂದ ಕಾಕ, "ನಿಲ್ಲಲಿಕ್ಕಲ್ಲ."

ಬಾಳೆಲೆಯಲ್ಲಿ, ನೇರದಲ್ಲಿ, ಅವಳ ಮುಂದೆ ಯಾರೂ ಇಲ್ಲ.
ತೋಡಿನ ನೀರು ನುಗ್ಗಿದ ಮೂಲೆಯಲ್ಲಿ
ಕೆಳಗಿನ ಎಳೆತ ಮಾಯ; ಐವರು ದಾಟಿಹೋದರು.
ಮೇಲಿಗೆ ಕೊಟ್ಟದ್ದನ್ನು ನಾವು ಕೆಳಗಿನಿಂದಲೇ ಕಿತ್ತಿದ್ದೆವು.
ಕಪ್ಪಿಲ್ಲ. ಕೆಸರು ಹಲ್ಲಿನ ತನಕ. ನಗುತ್ತಿದ್ದಳು.

ಮರುವಾರ ಅವಳಪ್ಪ ಬಂದರು, ಕ್ಯಾನು ಕಟ್ಟಿಕೊಂಡೇ,
ಬಲಗೈ ಆಕ್ಸಿಲರೇಟರಿನಿಂದ ತೆಗೆಯದೆ.
"ಮೊಯ್ದು, ಸೊಸೈಟಿಯ ಕ್ಯೂನಲ್ಲಿ ಇದು ಕುಣಿದು ಕುಣಿದು
ಹಾಲಿನ ಮೇಲೆ ಬೆಣ್ಣೆ ತೇಲ್ತದೆ.
ದರ ಯಾವುದಕ್ಕೆ ಕೇಳಲಿ?"
ಕಾಕ ಕಿವಿಯ ಬೀಡಿ ತೆಗೆದ.
"ಪೈಲಟ್ ಜೆಟ್ಟು ಒಂದು ನಂಬರು ದೊಡ್ಡದು ಹಾಕುವ.
ಸೋಮವಾರ ತನ್ನಿ. ಬೆಣ್ಣೆಯನ್ನೂ."