ಕಪ್ಪಂಚಿನ ಬಿಳಿ ತಂತಿ

ಬಲ್ಲರಾಟ್. ಜುಲೈ. ಶೆಡ್ಡಿನ ತಗಡಿನ ಮೇಲೆ
ಇಬ್ಬನಿ ಕಲ್ಲುಪ್ಪಿನಂತೆ ಹೆಪ್ಪುಗಟ್ಟಿದೆ.
ಅಂಗಾತ ಮಲಗಿದ್ದೇನೆ, ತಲೆ ಪೆಡಲುಗಳ ನಡುವೆ,
ಕಾಲು ಸೀಟಿನ ಮೇಲೆ, ಬಾಯಲ್ಲಿ ಟಾರ್ಚು.
ಅರವತ್ತೈದರ ಎಂಜಿಯ ಡ್ಯಾಶ್‌ಬೋರ್ಡಿನಲ್ಲಿ
ಮೂರು ಕುಳಿ ಖಾಲಿ.
ಹಗಲೆಲ್ಲ ಕಟ್ಟುಹಲ್ಲಿನ ಸೆಟ್ಟು ತಿದ್ದುವ ನನಗೆ
ಹೊಸ ಬಾಯೇನಲ್ಲ ಇದು.

ರಾನ್ ಟ್ರೆಗೆಂಜಾ ಹೊರಗೆ, ಮಡಚುವ ಕುರ್ಚಿಯಲ್ಲಿ,
ಮೊಣಕಾಲಿಗೆ ಕಂಬಳಿ.
ನಲವತ್ತು ವರ್ಷ ಈ ಊರಿನ ಕಾರುಗಳಿಗೆ
ನರ ಜೋಡಿಸಿದವನು.
ಈಗ ಕಣ್ಣಿನ ನಟ್ಟನಡುವೆ ಒಂದು ಮಸಿಚುಕ್ಕೆ:
ನೋಡಹೋದದ್ದೇ ಕಾಣುವುದಿಲ್ಲ, ಸುತ್ತಲದ್ದು ಮಾತ್ರ.
"ಬಣ್ಣ ಹೇಳು" ಅನ್ನುತ್ತಾನೆ.
"ಬಿಳಿ." "ಇಗ್ನಿಷನ್. ಮುಟ್ಟಬೇಡ."
"ಹಸಿರು." "ಫ್ಯೂಸು ದಾಟಿ ಬಂದದ್ದು, ನಂಬಬಹುದು."
"ಕೆಂಪು, ಬಿಳಿ ಅಂಚು." "ಗೇಜಿನ ರಾತ್ರಿದೀಪ."
"ಬಿಳಿ, ಕಪ್ಪಂಚು..."
ಅಂದವಳು ಒಂದು ಗಳಿಗೆ ನಿಂತೆ.
ಚಿಕ್ಕಮ್ಮ ಪರೀಕ್ಷೆಯ ದಿನ ಮಾತ್ರ
ಶಾಲೆಗೆ ಉಟ್ಟುಹೋಗುತ್ತಿದ್ದ ಸೀರೆ.
"ಅದೇ! ನಿನ್ನೆ ಕಾಯಿಲಿನಿಂದ ತೂರಿಸಿದೆಯಲ್ಲ, ಆ ತಂತಿ.
ಟ್ಯಾಕೊಮೀಟರಿಗೆ ಸುದ್ದಿ ತರೋದು ಅದೇ.
ಆದರೆ ಮೊದಲು ಭೂಮಿ ತಿರುಗಿಸು."

ಹಳೆಯ ಕಾರು ಪ್ಲಸ್ಸನ್ನು ಮೈಗೆ ಕಟ್ಟಿಕೊಂಡದ್ದು,
ಹೊಸ ಗೇಜಿಗೆ ಮೈನಸ್ ಬೇಕು.
ಸೀಟಿನ ಹಿಂದೆ, ನೆಲದಡಿಯ ಎರಡು ಬ್ಯಾಟರಿಗಳನ್ನು
ಉಸಿರು ಬಿಗಿಹಿಡಿದು ತಿರುವಿ ಕೂರಿಸುವಾಗ
ಯಾಕೋ ನಗು ಬಂತು.
ಶಾಲೆಯಲ್ಲಿ ನಾವು ಇವನ್ನು ಧನ, ಋಣ ಎಂದು ಕಲಿತವರು.
ಅವನಿಗೆ ಹೇಳಿದೆ: ನಮ್ಮಲ್ಲಿ
ಕೂಡುವ ಗುರುತೆಂದರೆ ಹಣ, ಕಳೆಯುವ ಗುರುತೆಂದರೆ ಸಾಲ.
"ಅಂದರೆ ಅರವತ್ತು ವರ್ಷ ಈ ಕಾರಿನ ಭೂಮಿಯೆಲ್ಲ ದುಡ್ಡು,
ಇವತ್ತಿನಿಂದ ಸಾಲ. ನಮ್ಮ ಮುತ್ತಜ್ಜನದೂ ಇದೇ ಕಥೆ."
ಕಾರ್ನ್‌ವಾಲಿನಿಂದ ಬಂದು ಈ ಬೀದಿಗಳಡಿ ಚಿನ್ನ ಅಗೆದವನು ಆತ;
ಉಳಿಸಿಹೋದದ್ದು ಒಂದು ಸನಿಕೆ.
ನಮ್ಮಜ್ಜ ಕೋಲಾರದ ಗಣಿಯಲ್ಲಿ ದೀಪದ ಕೋಣೆಯ ಗುಮಾಸ್ತ.
ಅವನು ಉಳಿಸಿದ್ದು ಕೆಮ್ಮು.

ಋಣವೆಂದರೆ ಬರೀ ಸಾಲವಲ್ಲ, ರಾನ್,
ಒಂದೂರಿನ ನೀರು ಎಷ್ಟು ದಿನವೆಂದು
ಹಣೆಯಲ್ಲಿರುತ್ತದಲ್ಲ, ಅದಕ್ಕೂ ಅದೇ ಮಾತು,
ಅನ್ನಹೋದವಳು ಸ್ಕ್ರೂ ಕಚ್ಚಿಕೊಂಡು ಸುಮ್ಮನಾದೆ.
ಇಂಗ್ಲಿಷಿನಲ್ಲಿ ಆ ತಂತಿಯನ್ನು
ಎಲ್ಲಿ ಕೊಡುವುದೋ ತಿಳಿಯಲಿಲ್ಲ.

ಇನ್ನು ಡೈನಮೋ. ಅದರ ಕಬ್ಬಿಣಕ್ಕೆ
ಹಳೆಯ ದಿಕ್ಕಿನ ನೆನಪಿರುತ್ತದಂತೆ, ಮರೆಸಬೇಕಂತೆ.
"ಎಫ್ ಅಂತಿರುವ ಕಡೆ ತಂತಿ ತಾಗಿಸು. ತೆಗೆ. ಇನ್ನೊಮ್ಮೆ."
ಚಟ್. ನೀಲಿ ಕಿಡಿ. ಚಟ್.
"ಅಷ್ಟೇನಾ?"
"ಅಷ್ಟೇ. ಫ್ಲಾಸ್ಕಿನಲ್ಲಿ ಚಹಾ ಉಳಿದಿದೆಯಾ?"

ಹಳೆಯ ಸ್ಪೀಡೋಮೀಟರು ಬೆಂಚಿನ ಮೇಲೆ
ಎಂಬತ್ತೊಂದು ಸಾವಿರ ಚಿಲ್ಲರೆ ಮೈಲಿಗೆ ನಿಂತಿದೆ.
ಹೊಸದರಲ್ಲಿ ಐದು ಸೊನ್ನೆ, ಎಳೆಮಗುವಿನ ಬೋಳುತಲೆಗಳು.
ಕೂರಿಸುವ ಮುಂಚೆ ಅದರ ಬೆನ್ನಿಗೆ
ಪೆನ್ಸಿಲಿನಲ್ಲಿ ಬರೆದೆ: ೮೧೬೦೭.
ಮುಂದೆ ಬಿಚ್ಚಿದವರು ತಲೆ ಕೆರೆದುಕೊಳ್ಳಲಿ,
ಇದು ಯಾವ ಕಂಪನಿಯ ಗುರುತೆಂದು.

ಕೀಲಿ ತಿರುಗಿಸಿದೆ.
ಎಂಜಿನ್ ಎರಡು ಸಲ ಸೀನಿ ಹತ್ತಿಕೊಂಡಿತು.
ಹೊಸ ಮುಳ್ಳು ಎದ್ದು, ನಡುಗಿ, ನಿಂತಿತು.
"ಎಷ್ಟು?"
"ನಾನೂರರ ಮೇಲೆ ಚೂರು."
"ಸುಳ್ಳು." ತಲೆ ಓರೆ ಮಾಡಿದ, ಹಾಡಿನಲ್ಲಿ
ತಪ್ಪಿದ ತಾಳ ಹುಡುಕುವವನ ಹಾಗೆ.
"ಒಂಬೈನೂರಿದೆ. ಗೇಜಿನ ಹಿಂದೆ ಪುಟ್ಟ ಸ್ವಿಚ್ಚಿದೆಯಾ ನೋಡು,
ಎಂಟು ಸಿಲಿಂಡರಿಗೆ ಇಟ್ಟಿರುತ್ತಾರೆ, ಕತ್ತೆಗಳು."
ಇತ್ತು. ಬೆಂಕಿಕಡ್ಡಿಯಿಂದ ನಾಲ್ಕಕ್ಕೆ ತಳ್ಳಿದೆ.
ಮುಳ್ಳು ನಾಚಿಕೊಂಡಂತೆ ಮೇಲಕ್ಕೆ ಸರಿಯಿತು.
"ಈಗ?"
"ಎಂಟುನೂರ ಐವತ್ತು."
"ಹಾಗಾದರೆ ನಿನ್ನ ಗೇಜು ಐವತ್ತು ಕಮ್ಮಿ ಹೇಳುತ್ತೆ"
ಎಂದು ಕಂಬಳಿ ಕೊಡವಿ ಎದ್ದ,
ಕಾರಿನತ್ತ ನೋಡಲು
ಮುಖವನ್ನು ಬೇರೆಡೆಗೆ ತಿರುಗಿಸಿ.