ನಿಲುವು

ಜೂಜಿನಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ.
ನಾನು ಸಂಸದರ ಕಾಗದ ಬರೆಯುವವಳು.
ಸಹಿ ಅವರದು, ಕಾಳಜಿ ನನ್ನದು.
ಅಂದರೆ, 'ನಿಮ್ಮ ಕಾಳಜಿ ನನ್ನದೂ ಹೌದು' ಎಂಬ ಸಾಲನ್ನು
ನಾನೇ ಕಟ್ಟಿದ್ದು, ಎರಡು ಚಳಿಗಾಲದ ಹಿಂದೆ,
ನೆಗಡಿಯಾಗಿದ್ದ ಒಂದು ಮಂಗಳವಾರ.

ಹವಾಮಾನಕ್ಕೂ ನಿಸರ್ಗಕ್ಕೂ ಸೇರಿಸಿ ಒಂದು ಮಸೂದೆಯಂತೆ,
ನೀವು ಯಾವ ಕಡೆ ಎಂದು ಕೇಳಿ
ನಾನೂರ ಹನ್ನೆರಡು ಪತ್ರ ಬಂದವು.
ಅಷ್ಟಕ್ಕೂ ಒಂದೇ ಉತ್ತರ:
ಮೊದಲ ಪ್ಯಾರಾದಲ್ಲಿ ಜೇನ್ನೊಣ,
ಎರಡನೆಯದರಲ್ಲಿ ಮೊಮ್ಮಕ್ಕಳು,
ಮೂರನೆಯದು 'ಆದರೆ' ಎಂದು ಶುರು.
ಎಷ್ಟು ಸಣ್ಣ ಅಗುಳಿ,
ಎಂಥ ಬಾಗಿಲನ್ನು ಹಾಕಿಬಿಡುತ್ತದೆ!
ಅದರಾಚೆ ಗ್ಯಾಸ್ ಟರ್ಮಿನಲ್ಲಿನ ಒಂಬೈನೂರು ಕೆಲಸ,
ಹಂದಿ ಸಾಕುವವರು, ಕರೆಂಟು ಬಿಲ್ಲು.
ಸುಳ್ಳೇನಲ್ಲ ಅವು. ನನ್ನ ತಮ್ಮ
ಅದೇ ಟರ್ಮಿನಲ್ಲಿನಲ್ಲಿ ವೆಲ್ಡರ್.

ಸ್ಟೇವ್ಲಿ ಕೆಟ್ಟವರಲ್ಲ.
ದಡಕ್ಕೆ ಬಿದ್ದ ತಿಮಿಂಗಿಲಕ್ಕೆ ಬಕೆಟ್ಟಿನಲ್ಲಿ ನೀರು ಹೊತ್ತು
ಬೆಳಗಿನ ತನಕ ಸೂಟು ನೆನೆಸಿಕೊಂಡವರು.
ಫೋಟೋದವರು ಹೋದ ಮೇಲೂ ಇದ್ದರು, ನಾನು ನೋಡಿದ್ದೇನೆ.
ಪರವೋ ವಿರೋಧವೋ ಎಂದು ಕೇಳಿದರೆ ಮಾತ್ರ
ಕನ್ನಡಕ ತೆಗೆದು ಟೈ ತುದಿಯಿಂದ ಒರೆಸುತ್ತಾರೆ,
ಶುಭ್ರವಾಗೇ ಇರುವ ಗಾಜನ್ನು.

ಆಂಬ್ರೋಸ್ ಗಾರ್ಬಟ್‌ನ ಕಾಗದಗಳೇ ಬೇರೆ.
'ಮಾನ್ಯರೇ' ಇಲ್ಲ, 'ಇಂತಿ' ಇಲ್ಲ.
ಮಾರ್ಚಿಯಲ್ಲಿ: ನಲವತ್ತೆರಡು.
ಏಪ್ರಿಲ್‌ನಲ್ಲಿ: ನಲವತ್ತೊಂದೂವರೆ.
ಹುಚ್ಚರ ಫೈಲಿಗೆ ಸೇರಿಸಿದ್ದೆ.
ಔಥ್‌ಬಿಯ ಕಡೆಯವರು ಯಾರೋ ಬಿಡಿಸಿ ಹೇಳಿದರು:
ಕಡಲ ದರೆಯ ಮೇಲೆ ಅವನ ಕ್ಯಾರವಾನು,
ಮೆಟ್ಟಿಲಿಂದ ಅಂಚಿಗೆ ಎಷ್ಟು ಅಡಿ ಉಳಿಯಿತೋ
ಅಷ್ಟನ್ನು ಬರೆಯುತ್ತಾನೆ.

ಅವನಿಗೂ ಅದೇ ಉತ್ತರ ಹೊರಟಿತ್ತು.
ಜೇನ್ನೊಣ, ಮೊಮ್ಮಕ್ಕಳು (ಅವನಿಗೆ ಇಲ್ಲ), ಆಮೇಲೆ
ಬೆರಳು ಜಾರಿ ಪದದ ನಡುವೆ ಬಿರುಕು ಬಿಟ್ಟಿತು:
ಆ ದರೆ.
ತಿದ್ದಲು ಹೋದೆ. ಟೀ ಆರಿತು.
ಕಾಗದವನ್ನು ಹಾಗೇ ಅವರ ಮೇಜಿನ ಮೇಲಿಟ್ಟೆ.

ಮಸೂದೆ ಚರ್ಚೆಗೆ ಬರುವ ಶುಕ್ರವಾರ
ಅವರು ಲಂಡನ್ನಿಗೆ ಹೋಗಲಿಲ್ಲ.
ಹೋಗದಿರುವುದೂ ಒಂದು ಮತವೇ, ಕಲೆ ಹತ್ತದ ಮತ.
'ಔಥ್‌ಬಿಗೆ ಹೋಗಿಬರೋಣ' ಎಂದರು. ಕಾರಿನಲ್ಲಿ ಮಾತಿಲ್ಲ.
ಗಾರ್ಬಟ್ ಮಸೂದೆಯ ಹೆಸರೆತ್ತಲಿಲ್ಲ.
ಟೇಪಿನ ಉಕ್ಕಿನ ತುದಿಯನ್ನು ಸಂಸದರ ಕೈಗಿತ್ತು,
'ಅಂಚಿಗೆ ಹೋಗಿ. ಗಟ್ಟಿ ಹಿಡಿಯಿರಿ' ಎಂದ,
ಹಿಂದೆ ಹಿಂದೆ ನಡೆದ.

ಅವರು ನಿಂತರು.
ಬೂಟುಗಳ ಕೆಳಗಿನ ಜೇಡಿಮಣ್ಣಿನ ತೂತುಗಳಿಂದ
ಕವಲುತೋಕೆ ಹಕ್ಕಿಗಳು ಚಿಮ್ಮಿ ಚಿಮ್ಮಿ ಹೊರಬಿದ್ದವು,
ಅವರ ಕಾಲೇ ಹಾರಿಹೋದಂತೆ.
'ಮೂವತ್ತೊಂದು!' ಮೆಟ್ಟಿಲಿಂದ ಕೂಗು.
ಅಷ್ಟರಲ್ಲಿ ನನ್ನ ಫೋನು: ಚರ್ಚೆಗೆ ಹೊತ್ತು ಸಾಲಲಿಲ್ಲ,
ಮುಂದಕ್ಕೆ ಹಾಕಿದ್ದಾರೆ, ಮತ ಬೇಕಾಗಿಲ್ಲ,
ಪಕ್ಷ ನಿಮಗೆ ಆಭಾರಿ.

ಹೇಳಿದೆ. ಗಾಳಿಗೆ ಕೇಳಿಸಿತೋ ಇಲ್ಲವೋ.
'ಇನ್ನು ಬಿಡಬಹುದಾ?' ಎಂದು ಅವರು ಕೇಳಿದ್ದು
ನನ್ನನ್ನೋ, ಗಾರ್ಬಟ್‌ನನ್ನೋ.
ಇಬ್ಬರೂ ಸುಮ್ಮನಿದ್ದೆವು.
ಹಳದಿ ಟೇಪು ಒಮ್ಮೆ ನಡುಗಿ
ಗಾಳಿಯಲ್ಲಿ ಗುಂಯ್ ಅಂದಿತು.

ಸಂಜೆ ತಃಖ್ತೆ ತುಂಬಬೇಕಿತ್ತು:
ವಿಷಯ, ಬಂದ ಪತ್ರಗಳು, ಸಂಸದರ ನಿಲುವು.
ಮೂರನೆಯ ಮನೆಯಲ್ಲಿ ಬರೆದೆ:
ಮೂವತ್ತೊಂದು ಅಡಿ.

ಸೋಮವಾರ ಅವರು ಅದನ್ನು ಓದಿದರು.
ಕನ್ನಡಕ ತೆಗೆಯಲಿಲ್ಲ.
ಅಳಿಸಲೂ ಇಲ್ಲ, ಸಹಿ
ಹಾಕಲೂ ಇಲ್ಲ.